ಎಪಿಎನ್ ಬದಲಿಸಿದರೆ ಇಂಟರ್‌ನೆಟ್ ವೇಗ ಹೆಚ್ಚುತ್ತದೆಯೇ?

"ಕಂಪನಿಗಳು ಮುಚ್ಚಿಟ್ಟಿರುವ ಸೀಕ್ರೆಟ್ ಸೆಟ್ಟಿಂಗ್! ಈ ಎಪಿಎನ್ ಹಾಕಿದರೆ ನಿಮ್ಮ 4ಜಿ ಮೊಬೈಲಿಗೆ 5ಜಿ ಸ್ಪೀಡ್. ಎಲ್ಲ ಗ್ರೂಪಿಗೂ ಕಳಿಸಿ." ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಕೆಳಗೆ ಸ್ಕ್ರೀನ್‌ಶಾಟ್ ಇರುತ್ತದೆ. ಹೆಸರಿನ ಜಾಗದಲ್ಲಿ ಏನೋ ಒಂದು ಆಕರ್ಷಕ ಪದ, ಸರ್ವರ್ ಎಂಬಲ್ಲಿ ಗೂಗಲ್ ವಿಳಾಸ, ಬೇರರ್ ಎಂಬಲ್ಲಿ ಎಲ್‌ಟಿಇ. ಕೆಲವರು "ನಾನು ಮಾಡಿದೆ, ನಿಜವಾಗಿ ಫಾಸ್ಟ್ ಆಯ್ತು" ಎಂದು ಸಾಕ್ಷಿಯನ್ನೂ ಹೇಳುತ್ತಾರೆ.

ಎಪಿಎನ್ ಎಂದರೆ ಆಕ್ಸೆಸ್ ಪಾಯಿಂಟ್ ನೇಮ್. ಟವರಿಗೆ ಸೇರಿಕೊಂಡ ಫೋನು, ತನ್ನ ಡೇಟಾ ಯಾವ ದ್ವಾರದ ಮೂಲಕ ಇಂಟರ್‌ನೆಟ್ಟಿಗೆ ಹೋಗಬೇಕು ಎಂದು ಕಂಪನಿಯ ನೆಟ್‌ವರ್ಕಿಗೆ ತಿಳಿಸುವ ಹೆಸರು ಇದು. ಜಿಯೋ ಸಿಮ್ಮಿಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಹೀಗೆ ಒಂದೊಂದಕ್ಕೆ ಒಂದೊಂದು. ಬಸ್ಸಿನಲ್ಲಿ ಕಂಡಕ್ಟರಿಗೆ "ಹಾಸನ" ಎಂದು ಹೇಳುತ್ತೀರಲ್ಲ, ಹಾಗೆ. ಊರ ಹೆಸರು ಸರಿಯಿದ್ದರೆ ಟಿಕೆಟ್ ಸಿಗುತ್ತದೆ, ತಪ್ಪಿದರೆ ಇಲ್ಲ. ಹೆಸರನ್ನು ಎಷ್ಟು ಚೆನ್ನಾಗಿ ಹೇಳಿದರೂ ಬಸ್ಸು ಬೇಗ ಓಡುವುದಿಲ್ಲ!

ಸರ್ವರ್ ಎಂಬ ಜಾಗ ಹಳೆಯ ವ್ಯಾಪ್ ಕಾಲದ ಉಳಿಕೆ. ಅಲ್ಲಿ ಗೂಗಲ್ ಎಂದು ಬರೆದರೂ ಖಾಲಿ ಬಿಟ್ಟರೂ ಇಂದಿನ ಬ್ರೌಸಿಂಗಿಗೆ ವ್ಯತ್ಯಾಸವಿಲ್ಲ. ಬೇರರ್ ಎಂಬುದು ಈ ಎಪಿಎನ್ ಯಾವ ಬಗೆಯ ನೆಟ್‌ವರ್ಕಿನಲ್ಲಿ ಬಳಕೆಯಾಗಬೇಕು ಎಂದು ಹೇಳುತ್ತದೆ, ಅಷ್ಟೇ. ಎಚ್ಚರ ಬೇಕಾದದ್ದು ಪ್ರಾಕ್ಸಿ ಎಂಬ ಜಾಗದಲ್ಲಿ. ಅಲ್ಲಿ ಅಪರಿಚಿತರು ಕೊಟ್ಟ ನಂಬರ್ ತುಂಬಿದರೆ ನಿಮ್ಮ ಬ್ರೌಸಿಂಗ್ ಅವರ ಕಂಪ್ಯೂಟರಿನ ಮೂಲಕ ಹಾದುಹೋಗಬಹುದು. ನೀವು ಯಾವ ಯಾವ ಸೈಟಿಗೆ ಹೋದಿರಿ ಎಂಬುದು ಅವರಿಗೆ ಕಾಣುತ್ತದೆ. "ಫ್ರೀ ನೆಟ್" ಆಸೆ ತೋರಿಸುವ ಮೆಸೇಜುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಹಾಗಾದರೆ ಫಾಸ್ಟ್ ಆಯ್ತು ಎಂದವರು ಸುಳ್ಳು ಹೇಳಿದರೇ? ಇಲ್ಲ. ಹೊಸ ಎಪಿಎನ್ ಆರಿಸಿದೊಡನೆ ಡೇಟಾ ಸಂಪರ್ಕ ಒಮ್ಮೆ ಕಡಿದು ಮತ್ತೆ ಜೋಡಣೆಯಾಗುತ್ತದೆ. ಎಲ್ಲೋ ಸಿಕ್ಕಿಕೊಂಡಿದ್ದ ಸಂಪರ್ಕ ಆಗ ಸರಿಹೋಗುವುದುಂಟು. ಏರ್‌ಪ್ಲೇನ್ ಮೋಡ್ ಹತ್ತು ಸೆಕೆಂಡ್ ಹಾಕಿ ತೆಗೆದರೂ ಇದೇ ಫಲ, ಸೆಟ್ಟಿಂಗ್ ಕೆಡುವ ಭಯವೂ ಇಲ್ಲ.

ವೇಗ ನಿಜವಾಗಿ ನಿಂತಿರುವುದು ಬೇರೆ ಸಂಗತಿಗಳ ಮೇಲೆ. ಒಂದು ಟವರಿನ ಸಾಮರ್ಥ್ಯವನ್ನು ಅದರ ಸುತ್ತಲಿನ ಎಲ್ಲರೂ ಹಂಚಿಕೊಳ್ಳುತ್ತಾರೆ. ರಾತ್ರಿ ಊಟದ ಹೊತ್ತಿಗೆ ಇಡೀ ಬೀದಿ ವಿಡಿಯೋ ನೋಡುವಾಗ ನಿಧಾನ, ಬೆಳಗಿನ ಜಾವ ಐದಕ್ಕೆ ಸಲೀಸು. ತರಂಗಾಂತರವೂ ಮುಖ್ಯ. 700, 850, 900 ಮೆಗಾಹರ್ಟ್ಸ್ ಅಲೆಗಳು ದೂರ ಹೋಗುತ್ತವೆ, ಗೋಡೆ ಮರಗಳನ್ನು ಒಂದಿಷ್ಟು ದಾಟುತ್ತವೆ. 2300, 3500 ಮೆಗಾಹರ್ಟ್ಸ್ ಹೆಚ್ಚು ಡೇಟಾ ಹೊರುತ್ತವೆ, ಆದರೆ ಬೇಗ ಸೊರಗುತ್ತವೆ. ಮಲೆನಾಡಿನಲ್ಲಿ ಮನೆಯೊಳಗೆ ಸಿಗದ ನೆಟ್‌ವರ್ಕು ಗುಡ್ಡದ ತುದಿಯಲ್ಲಿ ಸಿಗುವುದರ ಹಿಂದೆ ಇದೂ ಒಂದು ಕಾರಣ. ಇನ್ನು ಎಷ್ಟೋ ಪ್ಲಾನ್‌ಗಳಲ್ಲಿ ದಿನದ ಡೇಟಾ ಮುಗಿದ ಮೇಲೆ ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುತ್ತಾರೆ. ಅದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ.

ಮೇಲೆ ಕಾಣುವ ಕಡ್ಡಿಗಳನ್ನೂ ಪೂರ್ತಿ ನಂಬಬೇಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನು ಒಂದೊಂದು ರೀತಿ ಲೆಕ್ಕ ಹಾಕುತ್ತದೆ.

ಇನ್ನೊಂದು ಫಾರ್ವರ್ಡ್ *#*#4636#*#* ಒತ್ತಿ "ಎಲ್‌ಟಿಇ ಓನ್ಲಿ" ಆರಿಸಲು ಹೇಳುತ್ತದೆ. ಇದು ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ತೆರೆಯುವ ಪರೀಕ್ಷಾ ಮೆನು. ಹಾಗೆ ಮಾಡಿದರೆ ಫೋನು 4ಜಿ ಬಿಟ್ಟು ಬೇರೆಯದನ್ನು ಹುಡುಕುವುದೇ ಇಲ್ಲ. ಜಿಯೋದಲ್ಲಿ 2ಜಿ, 3ಜಿ ಮೊದಲಿಂದಲೂ ಇಲ್ಲ, ಹಾಗಾಗಿ ಅದರ ಗ್ರಾಹಕರಿಗೆ ಹೆಚ್ಚು ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಆದರೆ 2ಜಿಯಲ್ಲಿ ಮಾತ್ರ ಕರೆ ಹೋಗುವ ಜಾಗದಲ್ಲಿ, ಅಥವಾ ವೋಲ್ಟೆ ಕೆಲಸ ಮಾಡದ ಹಳೆಯ ಹ್ಯಾಂಡ್‌ಸೆಟ್ಟಿನಲ್ಲಿ, ಫೋನು ಬರೀ ಡಬ್ಬಿಯಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು, ರಾತ್ರಿ 108ಕ್ಕೆ ಕರೆ ಹೋಗದಿದ್ದರೆ? ಯೂಟ್ಯೂಬ್ ಬೇಗ ತೆರೆಯಲಿ ಎಂಬ ಆಸೆಗೆ ಇದು ದುಬಾರಿ ಬೆಲೆ.

ಈ ಸಾಲಿನಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಕಾಲ್ ಫಾರ್ವರ್ಡಿಂಗ್ ಕೋಡ್. ಯಾರೋ ಕರೆ ಮಾಡಿ, "ಕಸ್ಟಮರ್ ಕೇರ್‌ನಿಂದ ಮಾತಾಡ್ತಿದ್ದೀವಿ, ನಿಮ್ಮ ನೆಟ್‌ವರ್ಕ್ ಸರಿಪಡಿಸಬೇಕು, *401* ಒತ್ತಿ ಈ ನಂಬರ್ ಡಯಲ್ ಮಾಡಿ" ಎನ್ನುತ್ತಾರೆ. ಮಾಡಿದರೆ ನೆಟ್‌ವರ್ಕ್ ಸರಿಹೋಗುವುದಿಲ್ಲ, ನಿಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗುತ್ತವೆ. ಎಸ್ಸೆಮ್ಮೆಸ್ ಹೀಗೆ ತಿರುಗುವುದಿಲ್ಲ. ಆದರೆ ವಾಟ್ಸಾಪ್‌ನಂಥ ಆ್ಯಪ್‌ಗಳು ಒಟಿಪಿಯನ್ನು ಕರೆಯ ಮೂಲಕವೂ ಹೇಳುತ್ತವಲ್ಲ, ಆ ಕರೆ ವಂಚಕರ ಕಿವಿಗೆ ಬೀಳುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲಿ ನಿಮ್ಮ ನೆಂಟರಿಗೆ "ಅರ್ಜೆಂಟ್ ದುಡ್ಡು ಬೇಕಿತ್ತು" ಎಂಬ ಮೆಸೇಜ್ ಹೋಗುತ್ತದೆ. ಇದೇ ಕಾರಣಕ್ಕೆ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ ಕೋಡ್ ಒತ್ತಿ ಕಾಲ್ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಸೂಚಿಸಿತು. ಅದರ ಮೇಲೂ ಇಂಥ ಕೋಡ್ ಒತ್ತಲು ಹೇಳುವವರನ್ನು ನಂಬಬೇಡಿ.

"*#21# ಒತ್ತಿದರೆ ಫೋನ್ ಹ್ಯಾಕ್ ಆಗಿದೆಯೇ ಎಂದು ಗೊತ್ತಾಗುತ್ತದೆ" ಎಂಬುದೂ ಅರ್ಧ ಸತ್ಯ. ಅದು ಎಲ್ಲ ಕರೆಗಳೂ ಬೇರೆ ನಂಬರಿಗೆ ಹೋಗುತ್ತಿವೆಯೇ ಎಂಬುದನ್ನಷ್ಟೇ ತೋರಿಸುತ್ತದೆ. *#62# ಒತ್ತಿದಾಗ ಅಪರಿಚಿತ ನಂಬರ್ ಕಂಡರೆ ಗಾಬರಿ ಬೇಡ. ಫೋನ್ ಆಫ್ ಇದ್ದಾಗ ಬಂದ ಕರೆಯನ್ನು ತಿಳಿಸುವ ಕಂಪನಿಯದೇ ಮಿಸ್ಡ್ ಕಾಲ್ ಸೇವೆಯ ನಂಬರ್ ಅದಾಗಿರಬಹುದು, ಕಸ್ಟಮರ್ ಕೇರ್‌ಗೆ ಕೇಳಿ ಖಚಿತ ಮಾಡಿಕೊಳ್ಳಿ. ಫೋನಿನ ಕಾಲ್ ಸೆಟ್ಟಿಂಗ್ಸ್‌ನಲ್ಲೂ ಕಾಲ್ ಫಾರ್ವರ್ಡಿಂಗ್ ನೋಡಿ ತೆಗೆಯಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗಾಗಲೇ ಎಪಿಎನ್ ಬದಲಿಸಿ ಡೇಟಾ ನಿಂತುಹೋಗಿದೆಯೇ? ಎಪಿಎನ್ ಪಟ್ಟಿಯ ಮೂಲೆಯಲ್ಲಿರುವ ಮೂರು ಚುಕ್ಕಿ ಒತ್ತಿ "ರೀಸೆಟ್ ಟು ಡಿಫಾಲ್ಟ್" ಆರಿಸಿ, ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ "ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್" ಇದೆ. ಫೋಟೋ, ಕಾಂಟ್ಯಾಕ್ಟ್ ಯಾವುದೂ ಹೋಗುವುದಿಲ್ಲ. ಆದರೆ ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಅವನ್ನು ಮೊದಲೇ ಬರೆದಿಟ್ಟುಕೊಳ್ಳಿ.