"ಏನೂ ಇಲ್ಲ" ಅಂದರೂ ಒಂದು ಚೀಟಿ ಕೇಳಿ

ನನ್ನ ಅಕ್ಕನ ಕೈಗೆ ಎದೆಯಲ್ಲಿ ಗಂಟು ಸಿಕ್ಕಿದ್ದು ಒಂದು ಮೀಲಾದ್‌ನ ಸಮಯದಲ್ಲಿ. ಆ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿದ್ದು ಬಕ್ರೀದ್ ಕಳೆದ ಮೇಲೆ. ನಡುವೆ ಒಂಬತ್ತು ತಿಂಗಳು. ಅಕ್ಕ ನಿರ್ಲಕ್ಷ್ಯ ಮಾಡಿ ಮನೆಯಲ್ಲಿ ಕೂತಿದ್ದಳು ಅಂತ ಯಾರೂ ತಿಳಿಯಬೇಡಿ. ಗಂಟು ಸಿಕ್ಕಿದ ವಾರದಲ್ಲೇ ಅವಳು ಡಾಕ್ಟರ ಬಳಿ ಹೋಗಿದ್ದಳು. ಡಾಕ್ಟರು "ಏನೂ ಇಲ್ಲ" ಅಂದಿದ್ದರು. ಆ ಎರಡು ಪದ ಒಂಬತ್ತು ತಿಂಗಳು ತಿಂದು ಹಾಕಿತು.

ಆ ಡಾಕ್ಟರು ನಮ್ಮ ಕುಟುಂಬಕ್ಕೆ ಹೊಸಬರಲ್ಲ. ನಮ್ಮ ಮಕ್ಕಳ ಜ್ವರ, ಉಮ್ಮನ ಶುಗರ್, ಎಲ್ಲವನ್ನೂ ನೋಡಿದವರು. ಕೈಯಲ್ಲಿ ಹಣ ಇಲ್ಲದ ದಿನ "ಆಮೇಲೆ ಕೊಡಿ" ಅಂದವರು. ಅವತ್ತು ಸಂಜೆ ಕ್ಲಿನಿಕ್‌ನಲ್ಲಿ ಕೂರಲು ಜಾಗ ಇರಲಿಲ್ಲವಂತೆ. ಅಕ್ಕ ಬುರ್ಖಾದ ಮೇಲಿನಿಂದಲೇ ಬೆರಳಿಟ್ಟು ತೋರಿಸಿದಳು. "ನೋವು ಉಂಟಾ?" ಕೇಳಿದರು. ಇಲ್ಲ ಅಂದಳು. "ಹಾಗಾದ್ರೆ ಹೆದರುವಂಥದ್ದು ಎಂತ ಇಲ್ಲ, ಹಾಲು ಕುಡಿಸಿದ ಎದೆಯಲ್ಲಿ ಇದೆಲ್ಲ ಸಾಮಾನ್ಯ" ಅಂತ ವಿಟಮಿನ್ ಮಾತ್ರೆ ಬರೆದು ಕೊಟ್ಟರು. ಅವಳ ಕೊನೆಯ ಮಗು ಆಗ ಎರಡನೇ ಕ್ಲಾಸಿಗೆ ಹೋಗುತ್ತಿತ್ತು.

"ಅವರು ಮುಟ್ಟಿ ನೋಡಲಿಲ್ಲ. ನಾನೂ ನೋಡಿ ಅಂತ ಹೇಳಲಿಲ್ಲ. ನನಗೆ ಅಷ್ಟರಲ್ಲೇ ಹೊರಗೆ ಬಂದರೆ ಸಾಕಿತ್ತು." ಅಕ್ಕ ಆಮೇಲೆ ನನ್ನ ಬಳಿ ಹೇಳಿದ ಮಾತಿದು. ಇದರಲ್ಲಿ ಎರಡೂ ಕಡೆಯ ಸತ್ಯ ಉಂಟು.

ನನಗೆ ವಿಷಯ ಗೊತ್ತಾದದ್ದು ಅವಳ ಮಗಳಿಂದ. ಕಾಲೇಜಿಗೆ ಹೋಗುವ ಹುಡುಗಿ ಒಂದು ದಿನ ಮದ್ರಸ ಬಿಡುವ ಹೊತ್ತಿಗೆ ಬಂದು ಗೇಟಿನ ಹತ್ತಿರ ನಿಂತಿದ್ದಳು. "ಮಾಮ, ಉಮ್ಮ ನಿಮಗೆ ಹೇಳುವುದಿಲ್ಲ. ನಾನು ಹೇಳ್ತೇನೆ" ಅಂದಳು. ಹದಿನೆಂಟು ವರ್ಷದಿಂದ ಮಕ್ಕಳಿಗೆ ದೀನ್ ಕಲಿಸುವವನು ನಾನು. ನನ್ನ ಒಡಹುಟ್ಟಿದವಳಿಗೆ ತನ್ನ ದೇಹದ ಒಂದು ಕಾಯಿಲೆಯನ್ನು ನನ್ನ ಬಳಿ ಹೇಳಲು ಆಗಲಿಲ್ಲ. ನಾಚಿಕೆ ಈಮಾನಿನ ಭಾಗ ಅಂತ ಪಾಠ ಮಾಡುತ್ತೇನೆ. ಯಾವ ಕಡೆ ನಾಚಿಕೆ ಪಡಬಾರದು ಎಂಬ ಪಾಠ ನಾನು ಮಾಡಿಯೇ ಇರಲಿಲ್ಲ.

ಸರ್ಜನ್ ನೋಡುವ ಹೊತ್ತಿಗೆ ಕಡಲೆ ಕಾಳಿನಷ್ಟಿದ್ದ ಗಂಟು ನೆಲ್ಲಿಕಾಯಿಯಷ್ಟಾಗಿತ್ತು. ಕಂಕುಳಲ್ಲೂ ಒಂದು ಗಂಟು ಸಿಕ್ಕಿತು. ಬಯಾಪ್ಸಿ ರಿಪೋರ್ಟ್ ಕ್ಯಾನ್ಸರ್ ಎಂದು ಬಂತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಅಲ್‌ಹಮ್‌ದುಲಿಲ್ಲಾಹ್, ಅಕ್ಕ ಇವತ್ತು ನಮ್ಮ ಜೊತೆಗಿದ್ದಾಳೆ. "ಬರಿ, ಆದರೆ ನನ್ನ ಹೆಸರು ಹಾಕಬೇಡ" ಅಂದಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಡಾಕ್ಟರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಎದೆಯಲ್ಲಿ ಸಿಗುವ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ನೀರು ತುಂಬಿದ ಗುಳ್ಳೆ ಇರಬಹುದು, ಅಪಾಯ ಇಲ್ಲದ ಮಾಂಸದ ಗಂಟು ಇರಬಹುದು. ಆದ್ದರಿಂದ "ಏನೂ ಇಲ್ಲ" ಅನ್ನುವ ಡಾಕ್ಟರ ಊಹೆ ಹೆಚ್ಚಿನ ಸಲ ಸರಿಯೇ ಆಗುತ್ತದೆ. ಆದರೆ ಊಹೆ ಊಹೆಯೇ. ನಿಮ್ಮ ಎದೆಯಲ್ಲಿರುವ ಗಂಟು ಯಾವ ಜಾತಿಯದ್ದು ಅಂತ ಮೇಜಿನ ಆಚೆ ಕೂತು ಹೇಳಲು ಯಾರಿಂದಲೂ ಸಾಧ್ಯವಿಲ್ಲ.

ಅದಕ್ಕೆ ಮೂರು ಹಂತದ ಪರೀಕ್ಷೆ ಉಂಟು. ಮೊದಲು ಡಾಕ್ಟರು ಎರಡೂ ಎದೆ, ಎರಡೂ ಕಂಕುಳನ್ನು ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಸ್ಕ್ಯಾನ್: ಸಣ್ಣ ಪ್ರಾಯದವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, ನಲ್ವತ್ತರ ಆಸುಪಾಸು ಮತ್ತು ಮೇಲಿನವರಿಗೆ ಮ್ಯಾಮೊಗ್ರಾಂ ಕೂಡ. ಸಂಶಯ ಉಳಿದರೆ ಸೂಜಿಯಿಂದ ಚೂರು ಮಾಂಸ ತೆಗೆದು ಲ್ಯಾಬಿಗೆ ಕಳಿಸುವುದು. ಸೂಜಿ ಹಾಕಿದರೆ ರೋಗ ಮೈಗೆಲ್ಲ ಹರಡುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಉಂಟು. ಅದು ತಪ್ಪು ತಿಳುವಳಿಕೆ. ಸೂಜಿ ಹಾಕದೆ ಚಿಕಿತ್ಸೆ ಯಾವುದು ಅಂತ ನಿರ್ಧರಿಸಲಿಕ್ಕೇ ಆಗುವುದಿಲ್ಲ.

ಅಕ್ಕನ ವಿಷಯದಲ್ಲಿ ಈ ಮೂರರಲ್ಲಿ ಒಂದೂ ನಡೆದಿರಲಿಲ್ಲ. ನಡೆದದ್ದು ಮಾತು ಮಾತ್ರ. ರೋಗಿ ಮೊದಲ ಸಲ ತೋರಿಸಿದ ದಿನದಿಂದ 60 ದಿನದೊಳಗೆ ರೋಗ ಯಾವುದೆಂದು ಪತ್ತೆಯಾಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರಿನ ಬಗ್ಗೆ ಗುರಿ ಇಟ್ಟಿದೆ. ನಮಗೆ ಹಿಡಿದದ್ದು ಹೆಚ್ಚು ಕಡಿಮೆ 270 ದಿನ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು.

ಇನ್ನು ನಾವು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತುಗಳನ್ನು ನೋಡಿ. ನೋವಿಲ್ಲ, ಆದ್ದರಿಂದ ಏನಿಲ್ಲ ಅನ್ನುತ್ತೇವೆ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ ಅನ್ನುತ್ತೇವೆ. ಈ ರೋಗ ಬಂದ ಹೆಚ್ಚಿನವರ ಕುಟುಂಬದಲ್ಲಿ ಮೊದಲು ಯಾರಿಗೂ ಇರಲಿಲ್ಲ. ಐದು ಮಕ್ಕಳಿಗೆ ಹಾಲು ಕುಡಿಸಿದವಳು ಅನ್ನುತ್ತೇವೆ. ಹಾಲುಣಿಸುವುದರಿಂದ ಅಪಾಯ ಕಡಿಮೆಯಾಗುತ್ತದೆ ನಿಜ, ಇಲ್ಲದಾಗುವುದಿಲ್ಲ. ಪ್ರಾಯ ಸಣ್ಣದು ಅನ್ನುತ್ತೇವೆ. ಪಾಶ್ಚಾತ್ಯ ದೇಶಗಳಿಗಿಂತ ಸಣ್ಣ ಪ್ರಾಯದಲ್ಲೇ ನಮ್ಮ ದೇಶದ ಹೆಂಗಸರಿಗೆ ಇದು ಬರುತ್ತಿದೆ. ಹೊಸದಾಗಿ ಸಿಕ್ಕಿದ ಗಂಟು, ಚರ್ಮ ಒಳಗೆ ಎಳೆದಂತಾಗುವುದು, ತೊಟ್ಟು ಒಳಗೆ ಸೇರುವುದು, ತೊಟ್ಟಿನಿಂದ ರಕ್ತ ಬರುವುದು, ಕಂಕುಳಲ್ಲಿ ಗಂಟು: ಇದರಲ್ಲಿ ಯಾವುದೇ ಇದ್ದರೂ ಪರೀಕ್ಷೆ ಆಗಲೇಬೇಕು.

ಡಾಕ್ಟರು ಬೇಡ ಅಂದ ಮೇಲೆ ಇನ್ನೊಬ್ಬರ ಬಳಿ ಕಳಿಸಿ ಅಂತ ಕೇಳುವುದು ಹೇಗೆ? ಅವರಿಗೆ ಸಿಟ್ಟು ಬರುವುದಿಲ್ಲವಾ? ಅದಬ್‌ಗೆ ವಿರುದ್ಧ ಅಲ್ಲವಾ? ನಮ್ಮ ಹೆಂಗಸರನ್ನು ತಡೆಯುವುದು ಇದೇ ಸಂಕೋಚ.

ನನ್ನ ಕೆಲಸದ ಉದಾಹರಣೆಯನ್ನೇ ಕೊಡುತ್ತೇನೆ. ಆಸ್ತಿ ಪಾಲಿನ ಬಗ್ಗೆ, ತಲಾಖಿನ ಬಗ್ಗೆ ಜನ ನನ್ನ ಬಳಿ ಮಸ್‌ಅಲ ಕೇಳಲು ಬರುತ್ತಾರೆ. ಸಣ್ಣದಾದರೆ ಹೇಳುತ್ತೇನೆ. ತೊಡಕಿನದ್ದಾದರೆ ಖತೀಬರ ಬಳಿ, ಅವರಿಂದಾಗದಿದ್ದರೆ ಖಾಝಿಯವರ ಬಳಿ ಹೋಗಿ ಅನ್ನುತ್ತೇನೆ. ಇದರಿಂದ ನನ್ನ ಮರ್ಯಾದೆ ಕಡಿಮೆಯಾದದ್ದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಿ ಒಂದು ಕುಟುಂಬ ಹಾಳಾದರೆ ಆಗ ನನ್ನ ಮರ್ಯಾದೆ ಹೋಗುತ್ತದೆ, ಆಖಿರತ್ತಿನಲ್ಲೂ ಉತ್ತರ ಹೇಳಬೇಕಾಗುತ್ತದೆ. ಒಳ್ಳೆಯ ಡಾಕ್ಟರಿಗೂ ಇದು ಗೊತ್ತಿರುತ್ತದೆ. ನೀವು ಕೇಳುವುದು ಅವರ ಮೇಲೆ ವಿಶ್ವಾಸ ಇಲ್ಲ ಅಂತ ಅಲ್ಲ.

ಕೇಳುವ ಮಾತನ್ನೂ ಬರೆಯುತ್ತೇನೆ, ಬೇಕಿದ್ದರೆ ಮನೆಯಲ್ಲಿ ಹೇಳಿ ಅಭ್ಯಾಸ ಮಾಡಿ: "ಡಾಕ್ಟ್ರೇ, ನೀವು ಹೇಳಿದ್ದು ಸರಿಯೇ ಇರಬಹುದು. ಆದರೆ ಗಂಟು ಇಂಥ ತಾರೀಕಿನಿಂದ ಉಂಟು, ಹೋಗಿಲ್ಲ. ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಸರ್ಜನ್‌ಗೆ ತೋರಿಸಲು ಒಂದು ಚೀಟಿ ಬರೆದು ಕೊಡಿ." ಆಗಲೂ ಬೇಡ ಅಂದರೆ, "ಹಾಗಾದರೆ ಪರೀಕ್ಷೆ ಮಾಡಿದ್ದೀರಿ, ಮುಂದೆ ತೋರಿಸುವುದು ಬೇಡ ಅಂತ ಚೀಟಿಯಲ್ಲೇ ಬರೆದು ಕೊಡಿ" ಅನ್ನಿ. ಬಾಯಿಯಲ್ಲಿ ಸುಲಭವಾಗಿ ಬರುವ "ಏನೂ ಇಲ್ಲ" ಕಾಗದದ ಮೇಲೆ ಅಷ್ಟು ಸುಲಭವಾಗಿ ಬರುವುದಿಲ್ಲ. ಅದೂ ಆಗದಿದ್ದರೆ ಚೀಟಿಗೆ ಕಾಯಬೇಡಿ, ನೇರ ಸರ್ಕಾರಿ ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋಗಿ.

ಇದು ನಮ್ಮ ಹಕ್ಕು ಕೂಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿದ, ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವ ಹಕ್ಕು ಸೇರಿದೆ. ಪುರುಷ ಡಾಕ್ಟರು ಹೆಂಗಸಿನ ದೇಹ ಪರೀಕ್ಷೆ ಮಾಡುವಾಗ ಜೊತೆಯಲ್ಲಿ ಇನ್ನೊಬ್ಬ ಹೆಂಗಸು ಇರಬೇಕೆಂದು ಕೇಳುವ ಹಕ್ಕೂ ಅದೇ ಪಟ್ಟಿಯಲ್ಲಿ ಉಂಟು.

ಇದನ್ನು ಓದಿದಾಗ ನನಗೆ ಆಶ್ಚರ್ಯ ಆಯಿತು. ನಾವು ಅನುಸರಿಸುವ ಶಾಫಿಈ ಮದ್‌ಹಬಿನ ಕಿತಾಬುಗಳಲ್ಲಿ ನಾನು ಕಲಿತದ್ದೂ ಇದನ್ನೇ. ಹೆಣ್ಣು ರೋಗಿಗೆ ಹೆಣ್ಣು ಡಾಕ್ಟರ್ ಸಿಕ್ಕಿದರೆ ಅದೇ ಮೊದಲು. ಸಿಗದಿದ್ದರೆ ಪುರುಷ ಡಾಕ್ಟರು ನೋಡಬಹುದು, ಅಗತ್ಯ ಇರುವಷ್ಟು, ಜೊತೆಯಲ್ಲಿ ಇನ್ನೊಬ್ಬರು ಇರಬೇಕು. ಪ್ರವಾದಿ (ಸ) ಅವರ ಕಾಲದಲ್ಲಿ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಚಿಕಿತ್ಸೆಗಾಗಿ ರುಫೈದಾ (ರ) ಎಂಬ ಮಹಿಳೆಯ ಡೇರೆಗೆ ಕಳಿಸಲಾಗಿತ್ತು. ಅವರು ಮದೀನದ ಮಸೀದಿಯಲ್ಲೇ ಗಾಯಾಳುಗಳನ್ನು ಆರೈಕೆ ಮಾಡುತ್ತಿದ್ದರು. ಇಂಥ ದೀನಿನ ಹೆಸರು ಹೇಳಿ ನಾವು ಹೆಂಗಸರನ್ನು ಪರೀಕ್ಷೆಯ ಮಂಚದಿಂದ ದೂರ ಇಡುತ್ತಿದ್ದೇವೆಯಾ ಅಂತ ಉಸ್ತಾದರುಗಳು ನಾವೇ ಕೇಳಿಕೊಳ್ಳಬೇಕು.

ನನ್ನ ಬಳಿ ನೀರು ಓದಿಸಲು ಬರುವವರೂ ಇದ್ದಾರೆ. ಮೊದಲು ಓದಿ ಊದಿ ಕೊಡುತ್ತಿದ್ದೆ. ಈಗಲೂ ಕೊಡುತ್ತೇನೆ, ಆದರೆ ಕೊಡುವ ಮೊದಲು ಯಾವ ಡಾಕ್ಟರಿಗೆ ತೋರಿಸಿದ್ದೀರಿ, ಚೀಟಿ ಎಲ್ಲಿ ಅಂತ ಕೇಳುತ್ತೇನೆ. ರೋಗಕ್ಕೆ ಮದ್ದು ಹುಡುಕಿ ಅಂತ ಕಲಿಸಿದವರೇ ನಮ್ಮ ಪ್ರವಾದಿ (ಸ). ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಬೇಕು ಎಂಬ ಪಾಠವನ್ನು ಸಣ್ಣ ಮಕ್ಕಳಿಗೆ ಹೇಳಿಕೊಡುತ್ತೇವೆ. ದೊಡ್ಡವರಾದ ಮೇಲೆ ಒಂಟೆ ಬಿಟ್ಟು ತವಕ್ಕುಲ್ ಒಂದೇ ಇಟ್ಟುಕೊಂಡರೆ ಹೇಗೆ?

ಇನ್ನು ಗಂಡಸರಿಗೆ ಒಂದು ಮಾತು. ಭಾವ ಗಲ್ಫಿನಲ್ಲಿದ್ದರು. ಅಕ್ಕ ಫೋನಿನಲ್ಲಿ ಹೇಳಿದಾಗ "ಡಾಕ್ಟ್ರು ಏನಿಲ್ಲ ಅಂದ್ರಲ್ಲ, ನಾನು ರಜೆಯಲ್ಲಿ ಬಂದಾಗ ನೋಡುವ" ಅಂದರಂತೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಗಂಟಿಗೆ ಭಾವನ ರಜೆ ಗೊತ್ತಿಲ್ಲ. ದೂರದಲ್ಲಿರುವವರೇ, ಹೆಂಡತಿ ಇಂಥ ವಿಷಯ ಹೇಳಿದರೆ ಮೂರು ಪ್ರಶ್ನೆ ಕೇಳಿ: ಡಾಕ್ಟರು ಮುಟ್ಟಿ ನೋಡಿದರಾ? ಸ್ಕ್ಯಾನ್ ಆಯಿತಾ? ರಿಪೋರ್ಟ್ ಕೈಯಲ್ಲಿ ಉಂಟಾ? ಮೂರಕ್ಕೂ ಇಲ್ಲ ಅಂದರೆ ಅದೇ ವಾರ ಯಾರ ಜೊತೆ ಹೋಗುವುದು ಅಂತ ಫೋನಿನಲ್ಲೇ ತೀರ್ಮಾನ ಮಾಡಿ.

ಖರ್ಚಿನ ಹೆದರಿಕೆಯೂ ನಿಜವೇ. ಮಂಗಳೂರಿನ ವೆನ್ಲಾಕ್ ನಮ್ಮದೇ ಜಿಲ್ಲಾ ಆಸ್ಪತ್ರೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಉಂಟು. ಆದರೆ ತುರ್ತು ಅಲ್ಲದ ಅನೇಕ ಚಿಕಿತ್ಸೆಗಳಿಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಚೀಟಿ ಬೇಕು. ಇದು ಗೊತ್ತಿಲ್ಲದೆ ಮೊದಲೇ ಚಿನ್ನ ಅಡವಿಟ್ಟು ಖಾಸಗಿಗೆ ಓಡುವವರಿದ್ದಾರೆ. ಆದ್ದರಿಂದ ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ. 30 ವರ್ಷ ದಾಟಿದ ಹೆಂಗಸರಿಗೆ ಸ್ತನದ ತಪಾಸಣೆಯನ್ನು ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲೂ ಸೇರಿಸಿದ್ದಾರೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಯಾವಾಗ ಅಂತ ಹೇಳುತ್ತಾರೆ. ಹಳೆಯ ಚೀಟಿ, ಸ್ಕ್ಯಾನ್, ರಿಪೋರ್ಟುಗಳನ್ನು ಒಂದೇ ಚೀಲದಲ್ಲಿ ಇಡಿ. ಆಸ್ಪತ್ರೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ ವೈದ್ಯರಿಗೆ 2002ರಿಂದಲೇ ಉಂಟು.

ಜಮಾಅತ್ ಕಮಿಟಿಗಳಿಗೂ ಒಂದು ವಿನಂತಿ. ಮೀಲಾದ್‌ಗೆ, ಉರೂಸಿಗೆ ನಾವು ಲಕ್ಷಗಟ್ಟಲೆ ಒಟ್ಟು ಮಾಡುತ್ತೇವೆ. ವರ್ಷಕ್ಕೊಮ್ಮೆ ಮದ್ರಸ ಹಾಲ್‌ನಲ್ಲಿ ಒಬ್ಬರು ಮಹಿಳಾ ಡಾಕ್ಟರನ್ನು ಕರೆಸಿ ಹೆಂಗಸರಿಗೆ ಮಾತ್ರ ಒಂದು ಕ್ಲಾಸ್ ಇಡಲು ಅದರಲ್ಲಿ ಹತ್ತರಲ್ಲಿ ಒಂದು ಪಾಲೂ ಬೇಡ. ಜೊತೆಗೆ ಹೋಗಲು ಯಾರೂ ಇಲ್ಲದ ಹೆಂಗಸಿಗೆ ಒಬ್ಬ ತಿಳಿದ ಹೆಂಗಸನ್ನು, ಒಂದು ರಿಕ್ಷಾವನ್ನು ಏರ್ಪಾಡು ಮಾಡಿದರೆ ಅದೂ ಒಂದು ಸದಖವೇ.

ನಮ್ಮ ಮದ್ರಸದಲ್ಲಿ ಕಳೆದ ವರ್ಷ ಅಂಥ ಒಂದು ಕ್ಲಾಸ್ ಆಯಿತು. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳಂತೆ. ಕೊನೆಗೆ ಡಾಕ್ಟರು ಯಾರಿಗಾದರೂ ಕೇಳುವುದು ಉಂಟಾ ಅಂದಾಗ ಯಾರೂ ಎದ್ದು ನಿಲ್ಲಲಿಲ್ಲ. ಕ್ಲಾಸ್ ಮುಗಿದ ಮೇಲೆ ಚಪ್ಪಲಿ ಹಾಕುವ ಜಾಗದಲ್ಲಿ ಇಬ್ಬರು ಅಕ್ಕನ ಕೈ ಹಿಡಿದು ಪಕ್ಕಕ್ಕೆ ಕರೆದರು. ಒಬ್ಬಳಿಗೆ ಆರು ತಿಂಗಳಿಂದ ಗಂಟು ಉಂಟು, ಡಾಕ್ಟರು "ಏನೂ ಇಲ್ಲ" ಅಂದಿದ್ದಾರೆ. ಮರುದಿನ ಅಕ್ಕನೇ ಅವಳ ಜೊತೆ ಬಸ್ಸು ಹತ್ತಿದಳು. ರಿಪೋರ್ಟ್ ಬಂತು: ನೀರಿನ ಗುಳ್ಳೆ, ಬೇರೆ ಏನೂ ಇಲ್ಲ. ಅವಳ ಡಾಕ್ಟರು ಹೇಳಿದ್ದು ಸರಿಯೇ ಆಗಿತ್ತು. ಆದರೆ ಆರು ತಿಂಗಳ ನಂತರ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬಂತು ಅಂತ ಅವಳು ಅಕ್ಕನಿಗೆ ಫೋನ್ ಮಾಡಿ ಹೇಳಿದಳು.