ತಳದ ತಗಡು ಬಿಚ್ಚುವ ಹತ್ಯಾರು

ಹಳೆಯ ಪದ್ಮಿನಿ ಕಾರೊಂದನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿರುವ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಚಾಪೆ ಎತ್ತಿದರೆ ಕೆಳಗಿನ ರಸ್ತೆ ಕಾಣುವಷ್ಟು ತುಕ್ಕು ತಳವನ್ನು ತಿಂದಿದೆಯಂತೆ. ಹಳೆಯ ತಗಡನ್ನು ಮಗನೊಡನೆ ತಾವೇ ತೆಗೆದು, ಹೊಸದನ್ನು ಬೆಸೆಯುವ ಕೆಲಸವನ್ನು ಮಾತ್ರ ಗ್ಯಾರೇಜಿಗೆ ಬಿಡುವುದು ಅವರ ವಿಚಾರ. ‘ಚಾಣ ಸುತ್ತಿಗೆ ಸಾಲದೇ? ಬೇರೆ ಹತ್ಯಾರು ಕೊಳ್ಳಬೇಕೇ?’ ಎಂದು ಕೇಳಿದ್ದಾರೆ.

ನಾವು ಕಡತ ಬರೆಯುವ ಗುಮಾಸ್ತರೇ ಹೊರತು ಕಾರ್ಖಾನೆಯವರಲ್ಲ. ಆದರೂ ಎಷ್ಟೋ ಭಾನುವಾರಗಳನ್ನು ಹಳೆಯ ಕಾರಿನ ಕೆಳಗೆ ಕಳೆದವರು; ಆ ಅನುಭವದಿಂದ ಹೇಳುತ್ತೇವೆ: ಚಾಣ ಸುತ್ತಿಗೆ ಸಾಲದು.

ಮುಂಬಯಿಯ ಕುರ್ಲಾದಲ್ಲಿ ೧೯೬೪ರಿಂದ ತಯಾರಾದ ಫಿಯೆಟ್ ೧೧೦೦ ಡಿ ಕಾರೇ ೧೯೭೦ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿಯಾಯಿತು. ಟ್ಯಾಕ್ಸಿಯಾಗಿ ಈ ಊರಿಗೆ ದುಡಿದ ಆ ಕಾರು ೨೦೨೩ರ ಅಕ್ಟೋಬರಿನಲ್ಲಿ ಬಾಡಿಗೆಯ ಕೆಲಸದಿಂದ ನಿವೃತ್ತವಾಯಿತು. ಮನೆಗಳಲ್ಲಿ ಉಳಿದವುಗಳಿಗೆ ಕಡಲಗಾಳಿಯ ಉಪ್ಪು ಒಂದು ಶತ್ರು, ನಾಲ್ಕು ತಿಂಗಳ ಮಳೆ ಇನ್ನೊಂದು. ಚಾಪೆಯ ಅಡಿಯಲ್ಲಿ ನಿಂತ ತೇವ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ.

ಲಾರಿ, ಜೀಪುಗಳಿಗೆ ಇರುವಂತೆ ಇದಕ್ಕೆ ಪ್ರತ್ಯೇಕ ಚಾಸಿಸ್ ಇಲ್ಲ. ತಳ, ಬಾಗಿಲಡಿಯ ಹೊಸ್ತಿಲು, ಕಂಬಗಳು, ಮಾಡು, ಎಲ್ಲವೂ ಕೂಡಿದ ಒಂದೇ ಪೆಟ್ಟಿಗೆ. ಮುಂದಿನ ಆಸನದ ಬೋಲ್ಟುಗಳು ನಿಂತಿರುವುದೂ ಈ ತಳದ ಮೇಲೆಯೇ. ಆದ್ದರಿಂದ ಇದು ಚೆಂದಕ್ಕೆ ಮಾಡುವ ರಿಪೇರಿಯಲ್ಲ. ಕುಳಿತವರ ಜೀವದ ಪ್ರಶ್ನೆ. ಕೊಳೆತ ತಗಡಿನ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದು ಕೊಡುವವರೂ ಇದ್ದಾರೆ. ಎರಡರ ನಡುವೆ ನೀರು ನಿಂತು ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ, ಅಷ್ಟೆ.

ಈ ತಗಡುಗಳನ್ನು ಕೂಡಿಸಿರುವುದು ಸ್ಪಾಟ್ ವೆಲ್ಡಿಂಗ್. ಎರಡು ತಗಡುಗಳನ್ನು ತಾಮ್ರದ ಎರಡು ತುದಿಗಳ ನಡುವೆ ಒತ್ತಿ ವಿದ್ಯುತ್ ಹರಿಸಿದರೆ, ಅವು ಒಂದನ್ನೊಂದು ಮುಟ್ಟಿದಲ್ಲಿ ಕರಗಿ ಒಂದಾಗುತ್ತವೆ. ಇಂಥ ಬೆಸುಗೆಗೆ ಅಮೆರಿಕೆಯ ಎಲಿಹು ಥಾಮ್ಸನ್ ೧೮೮೬ರಲ್ಲಿ ಪೇಟೆಂಟ್ ಪಡೆದನು. ಒಂದೊಂದು ಚುಕ್ಕೆಯೂ ಸುಮಾರು ೫–೬ ಮಿ.ಮೀ. ಅಗಲ. ಕಡತದಿಂದ ಹಾಳೆ ತೆಗೆಯುವಾಗ ನಾವು ದಾರ ಬಿಚ್ಚುತ್ತೇವೆ. ಎಳೆದರೆ ಪಕ್ಕದ ಹಾಳೆಯೂ ಹರಿಯುತ್ತದೆ. ಇಲ್ಲಿಯೂ ಹಾಗೆಯೇ. ಮೇಲಿನ ತಗಡು ಹೇಗೂ ಗುಜರಿಗೆ ಹೋಗುವಂಥದು. ಕೆಳಗಿನ ಅಂಚು ಹೊಸ ತಳಕ್ಕೆ ಆಧಾರವಾಗಿ ಉಳಿಯಬೇಕಾದುದು. ಹತ್ಯಾರನ್ನು ಆರಿಸಬೇಕಾದುದು ಆ ಉಳಿಯುವ ಅಂಚನ್ನು ನೋಡಿ.

ಸಾಮಾನ್ಯ ಡ್ರಿಲ್ ಬಿಟ್ಟಿನ ಮೊನೆ ಚೂಪು. ಮೇಲಿನ ಚುಕ್ಕೆ ಪೂರ್ತಿ ಕಡಿಯುವ ಮೊದಲೇ ಅದು ಕೆಳಗಿನ ತಗಡನ್ನು ತೂತು ಮಾಡಿರುತ್ತದೆ. ಸ್ಪಾಟ್ ವೆಲ್ಡಿಗೆಂದೇ ಮಾಡಿದ ೮ ಮಿ.ಮೀ. ಬಿಟ್ಟಿನ ಮುಖ ಚಪ್ಪಟೆ, ನಡುವೆ ಸಣ್ಣದೊಂದು ಮೊನೆ. ಬೆಲೆ ಹೆಚ್ಚಾದರೂ ಮೊದಲು ಕೊಳ್ಳಬೇಕಾದುದು ಇದನ್ನೇ. ನಿಧಾನವಾಗಿ ತಿರುಗಿಸಿ, ಆಗಾಗ ಎಣ್ಣೆಯ ಹನಿ ಬಿಡಿ. ವೇಗ ಹೆಚ್ಚಿದರೆ ಬಿಟ್ಟು ಕಾದು ಮೊಂಡಾಗುತ್ತದೆ. ಬಳೆಯಂತೆ ಹಲ್ಲಿರುವ ಕಟರ್ ಇನ್ನೊಂದು ಬಗೆ. ಅದು ಅಗ್ಗ, ಚುಕ್ಕೆಯ ಸುತ್ತ ಮಾತ್ರ ಕೊರೆದು ನಡುವೆ ಬಿಲ್ಲೆಯೊಂದನ್ನು ಉಳಿಸುತ್ತದೆ. ಆ ಬಿಲ್ಲೆಯನ್ನು ಆಮೇಲೆ ಉಜ್ಜಿ ತೆಗೆಯಬೇಕು. ಕೈ ಓರೆಯಾದರೆ ಹಲ್ಲು ಮುರಿಯುತ್ತದೆ. ಡ್ರಿಲ್ ನಿಲ್ಲದ ಮೂಲೆಗಳಿಗೆ ಕಿರಿದಾದ ಪಟ್ಟಿಯ ಬೆಲ್ಟ್ ಸ್ಯಾಂಡರ್ ಒಳ್ಳೆಯದು.

ಆಂಗಲ್ ಗ್ರೈಂಡರಿಗೂ ಕೆಲಸವುಂಟು. ಬೆಸುಗೆಯ ಅಂಚಿನಿಂದ ಒಂದಂಗುಲ ಒಳಗೆ ತಗಡಿನ ನಡುಭಾಗವನ್ನು ಅದರಿಂದ ಕತ್ತರಿಸಿ ತೆಗೆದರೆ ಅಂಚು ಬಿಡಿಸುವುದು ಸುಲಭ. ಗ್ಯಾಸ್ ಕಟಿಂಗ್ ಮಾತ್ರ ಬೇಡ; ಕಾವಿಗೆ ಉಳಿಯಬೇಕಾದ ತಗಡೂ ಸೊಟ್ಟಗಾಗುತ್ತದೆ.

ಇನ್ನು ಕೆಲಸದ ಕ್ರಮ. ಕಾರನ್ನು ಜ್ಯಾಕಿನ ಮೇಲಷ್ಟೇ ನಿಲ್ಲಿಸಕೂಡದು. ಗಟ್ಟಿಯಾದ ಸ್ಟ್ಯಾಂಡುಗಳು ಬೇಕು. ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ನು ಮುಂದೆ. ಕೊಳವೆ ಹಾದುಹೋಗುವುದು ತಳದ ಕೆಳಗೇ. ಟ್ಯಾಂಕನ್ನೂ ಕೊಳವೆಯನ್ನೂ ತೆಗೆದಿಡದೆ ಕಿಡಿ ಹಾರಿಸಬಾರದು. ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಆಂಗಲ್ ಕಬ್ಬಿಣ ಬಿಗಿದು, ಒಂದು ಬಾರಿಗೆ ಒಂದೇ ಪಕ್ಕ ಬಿಚ್ಚಿ. ಇಲ್ಲವಾದರೆ ಪೆಟ್ಟಿಗೆ ಬಾಗಿ ಬಾಗಿಲು ಹಾಕಲು ಬರದು. ಕನ್ನಡಕ, ಕೈಗವಸು ಮರೆಯಬೇಡಿ.

ತಂತಿಯ ಬ್ರಷ್ಷಿನಿಂದ ಟಾರು, ಬಣ್ಣ ಉಜ್ಜಿದರೆ ಚುಕ್ಕೆಗಳು ಸಣ್ಣ ಗುಳಿಗಳಾಗಿ ಕಾಣುತ್ತವೆ. ನಡುವೆ ಪಂಚಿನಿಂದ ಗುರುತು ಹಾಕಿ ಕೊರೆಯಿರಿ. ಮೇಲಿನ ತಗಡು ಕಡಿದಾಗ ಸುತ್ತ ಸಣ್ಣ ಗೆರೆ ತೋರುತ್ತದೆ, ಅಲ್ಲಿಗೆ ನಿಲ್ಲಿಸಿ. ಹಿರಿಯರು ಕೇಳಿದ ಚಾಣಕ್ಕೆ ಸರದಿ ಬರುವುದು ಈಗ. ತೆಳು ಬಾಯಿಯ ಚಾಣವನ್ನು ಎರಡು ತಗಡುಗಳ ನಡುವೆ ಇಟ್ಟು ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳಬೇಕು. ಬಿಡದಿದ್ದರೆ ಚುಕ್ಕೆ ಪೂರ್ತಿ ಕಡಿದಿಲ್ಲವೆಂದು ಅರ್ಥ. ಮತ್ತೆ ಡ್ರಿಲ್ ಹಿಡಿಯಿರಿ, ಸುತ್ತಿಗೆಯ ಏಟು ಹೆಚ್ಚಿಸಬೇಡಿ.

ಅಂಚು ಬಯಲಾದ ಮೇಲೆ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಖಣಿಲೆಂದರೆ ಒಳ್ಳೆಯ ಕಬ್ಬಿಣ. ಮೊದ್ದು ಸದ್ದು ಬಂದು ಪುಡಿ ಉದುರಿದರೆ ಹೊಸ್ತಿಲೂ ಕೊಳೆತಿದೆ ಎಂದು ತಿಳಿದು, ಅಲ್ಲಿಗೆ ನಿಲ್ಲಿಸಿ, ಬಲ್ಲ ಕುಶಲಕರ್ಮಿಯನ್ನು ಕರೆಸತಕ್ಕದ್ದು. ಹೊಸ ತಗಡಿನ ಅಳತೆ, ಅದನ್ನು ಬೆಸೆಯುವ ಬಗೆ, ಇವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.