ಗಾಯರಾಣದಲ್ಲಿ ಅಳತೆಯ ಪಾಠ ನಡೆಯಲಿ

ಕೆಟ್ಟ ನೆಲದ ಜೀರ್ಣೋದ್ಧಾರವನ್ನು ಈಗ ವಿಶ್ವವಿದ್ಯಾಲಯಗಳಲ್ಲಿ ಶಾಸ್ತ್ರವಾಗಿ ಕಲಿಸುತ್ತಾರೆ. ಸಂತೋಷ. ಆದರೆ ಸಸಿ ನೆಟ್ಟ ದಿನ ಚಿತ್ರ ತೆಗೆಸಿಕೊಂಡವರು ಮರುಬೇಸಿಗೆಯಲ್ಲಿ ಉಳಿದವನ್ನು ಎಣಿಸಲು ಬಾರದಿದ್ದರೆ ಅದೆಂಥ ಶಾಸ್ತ್ರ?

ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 1930ರ ದಶಕದಲ್ಲಿ ಹಳೆಯ ಹೊಲವೊಂದರಲ್ಲಿ ಆ ನಾಡಿನ ಮೂಲ ಹುಲ್ಲುಗಾವಲನ್ನು ಮತ್ತೆ ಬೆಳೆಸತೊಡಗಿದರು. ಮುಂದೆ 1940ರ ದಶಕದಲ್ಲಿ ಕರ್ಟಿಸ್ ಎಂಬ ಪ್ರಾಧ್ಯಾಪಕರು ಕೆಲವು ತುಂಡುಗಳನ್ನು ಸುಟ್ಟು, ಕೆಲವನ್ನು ಹಾಗೆಯೇ ಬಿಟ್ಟು ಅಳತೆಮಾಡಿದರು. ಸುಟ್ಟಲ್ಲಿ ಹೊರಗಿನ ಹುಲ್ಲು ಹಿಂಜರಿದು ನಾಡಹುಲ್ಲು ಚೇತರಿಸಿತ್ತು. (ಇದನ್ನೋದಿ ನಮ್ಮ ಗಾಯರಾಣಕ್ಕೆ ಯಾರೂ ಕಡ್ಡಿ ಗೀರಬೇಡಿ! ಅಲ್ಲಿಯ ನೆಲದ ಗುಣ ಬೇರೆ.)

ನಮ್ಮ ಸೀಮೆಗೂ ಇದು ಹೊಸತಲ್ಲ. ಸೊಲ್ಲಾಪುರದ ಒಣಬೇಸಾಯ ಸಂಶೋಧನ ಕೇಂದ್ರದವರು 1930ರ ದಶಕದಲ್ಲಿಯೇ ಮಳೆಗೆ ಕೊಚ್ಚಿಹೋಗುವ ಮಣ್ಣಿನ ಲೆಕ್ಕವಿಡತೊಡಗಿದ್ದರು.

ಒಂದು ಅಂಗುಲ ಮಳೆಯೆಂದರೆ ಎಕರೆಗೆ 1 ಲಕ್ಷ ಲೀಟರಿಗೂ ಮಿಗಿಲಾದ ನೀರು. ಅದರಲ್ಲಿ ಇಂಗಿದ್ದೆಷ್ಟು, ಹಳ್ಳಕ್ಕೆ ಹರಿದದ್ದೆಷ್ಟು? ವಿದ್ಯಾರ್ಥಿಗಳು ನಮ್ಮ ಊರುಗಳಿಗೇ ಬಂದು ಅಳೆಯಲಿ. ಗಾಯರಾಣದಲ್ಲಿ ಹತ್ತು ಗುಂಟೆಗೆ ಬೇಲಿ ಹಾಕಿ, ಪಕ್ಕದ ಹತ್ತು ಗುಂಟೆಯನ್ನು ದನಕ್ಕೆ ಬಿಡಲಿ. ಎರಡೂ ಕಡೆ ಗುರುತುಕಲ್ಲು ನೆಟ್ಟು, ವರ್ಷವರ್ಷವೂ ಗಜ ಚೌಕದಷ್ಟು ಹುಲ್ಲು ಕೊಯ್ದು, ಒಣಗಿಸಿ ತೂಗಲಿ. ಒಂದು ತಂಡ ಪದವಿ ಪಡೆದು ಹೋದರೆ ಮುಂದಿನ ತಂಡ ಅದೇ ಕಲ್ಲಿಗೆ ಬರಬೇಕು. ಒಂದೇ ಮಳೆಗಾಲದ ಲೆಕ್ಕ ನಂಬುವಂಥದಲ್ಲ. ನಮ್ಮಲ್ಲಿ ಒಂದು ವರ್ಷ ಹಳ್ಳ ತುಂಬಿದರೆ ಇನ್ನೊಂದು ವರ್ಷ ಮುಗಿಲು ನೋಡುವುದೇ ಆಗುತ್ತದೆ.

ಆ ಲೆಕ್ಕವನ್ನು ಚಾವಡಿಯ ಗೋಡೆಯ ಮೇಲೆ ಕನ್ನಡದಲ್ಲಿಯೂ ಬರೆಯಬೇಕು. ಬೇಲಿಯಿಂದ ಮೇವು ಕಳೆದುಕೊಳ್ಳುವವನು ದನಗಾಹಿ. ಹುಲ್ಲು ಹೆಚ್ಚಿತೆಂಬುದು ಅವನಿಗೆ ತಿಳಿಯದಿದ್ದರೆ ಎರಡನೆಯ ವರ್ಷ ಬೇಲಿ ಉಳಿಯುವುದಿಲ್ಲ.